ಪಲ್ಲವಿಗೆ ಪೆಪ್ಪರ್‌ಮಿಂಟ್ ಕೊಡದ ದಿನ

ಸುಳ್ಳು ಹೇಳುವುದರಲ್ಲಿ ಇಡೀ ಕುಮಟಾ ತಾಲೂಕಿಗೇ ನಾನು ಫಸ್ಟ್. ಅಘನಾಶಿನಿಗೆ ತಿಮಿಂಗಿಲ ಬಂದಿದೆ ಎಂದು ಹೇಳಿ ಮಿರ್ಜಾನದ ಅರ್ಧ ಊರನ್ನು ಹೊಳೆದಂಡೆಗೆ ಓಡಿಸಿದವನು! (ಕಣ್ಣಾರೆ ಕಂಡೆವು ಎನ್ನುವವರು ಈಗಲೂ ಇಬ್ಬರಿದ್ದಾರೆ.)

ಇಂಥ ನನ್ನನ್ನು ಕಳೆದ ವಾರ ಒಂದು ಸುಳ್ಳು ಹೇಳು ಎಂದು ಕೇಳಿಕೊಂಡರೆ, ಆಗುವುದಿಲ್ಲ ಎಂದುಬಿಟ್ಟೆ.

ಸಂಗತಿ ಇಷ್ಟು. ನನ್ನ ಮಗಳು ವೀಣಾ ಗಂಡನಿಂದ ಬೇರೆಯಾದಳು. ಅಳಿಯ ರಾಕ್ಷಸನಲ್ಲ, ಮಗಳು ದೇವತೆಯೂ ಅಲ್ಲ. ಹೊಂದಲಿಲ್ಲ, ಅಷ್ಟೆ. ಹಳದೀಪುರದ ಗಂಡನ ಮನೆ ಬಿಡುವುದೆಂದು ಕುಮಟಾದಲ್ಲಿ ಬಾಡಿಗೆ ಮನೆ ಹಿಡಿದಳು. ಆದರೆ ಒಂದನೇ ಕ್ಲಾಸಿನ ಮೊಮ್ಮಗಳು ಪಲ್ಲವಿಗೆ ಹೇಳುವವರು ಯಾರು? ವೀಣಾ ಬಾಯಿ ತೆರೆದರೆ ಅಳು ಬರುತ್ತಿತ್ತು.

ಸಾಮಾನು ಕಟ್ಟಲು ನಾನು ಹಳದೀಪುರಕ್ಕೆ ಹೋದೆ. ಹೊನ್ನಾವರದಿಂದ ನನ್ನ ಅಕ್ಕನೂ ಪ್ಲಾನ್ ಸಮೇತ ಬಂದಿದ್ದಳು.

“ತಮ್ಮಾ, ಅಪ್ಪ ದುಬೈಗೆ ಹೋಗಿದಾನೆ ಅಂದ್ಬಿಡು. ನಿಂಗೆ ಸುಳ್ಳೆಂತ ಹೊಸತಾ?”

“ದುಬೈಗೆ ಹೋದ ಅಪ್ಪ ನಾಳೆ ಹಳದೀಪುರದ ಬಸ್‌ಸ್ಟಾಪಲ್ಲಿ ಕಂಡ್ರೆ ಎಂತ ಹೇಳೂದು? ವಿಮಾನ ಅಲ್ಲೇ ಇಳೀತು ಅಂತಾ?”

“ಊರವರು ಕೇಳಿದ್ರೆ?”

“ಊರವರಿಗೂ ಇದ್ದದ್ದನ್ನೇ ಹೇಳ್ತೆ. ನಂಗೇನು ಹೆದರಿಕೆಯಾ?”

ಹೀಗೆ ಎದೆ ಸೆಟೆಸಿ ಜಗಲಿಗೆ ಹೋದೆನಲ್ಲ, ಅಲ್ಲಿ ಸಿಕ್ಕಿಬಿದ್ದೆ. ನನಗೂ ಪಲ್ಲವಿಗೂ ಒಂದು ಆಟವಿದೆ. ನಾನು ಸುಳ್ಳು ಹೇಳಬೇಕು, ಅವಳು “ಬಂಡಲ್!” ಎಂದು ಕೂಗಬೇಕು. ಹಿಡಿದರೆ ನನ್ನ ಜೇಬಿನ ಪೆಪ್ಪರ್‌ಮಿಂಟ್ ಅವಳದು.

“ತಂಗೀ, ನೀನೂ ಅಮ್ಮನೂ ಕುಮಟಾದ ಹೊಸ ಮನೆಗೆ ಹೋಗ್ತೀರಿ. ಅಪ್ಪ ಇಲ್ಲೇ ಇರ್ತಾನೆ. ಅವರಿಬ್ಬರೂ ಇನ್ನು ಒಂದೇ ಮನೆಲಿ ಇರೂದಿಲ್ಲ.”

“ಬಂಡಲ್!” ಎಂದು ಕಿರುಚಿ ನಗುತ್ತಾ ಜೇಬಿಗೆ ಕೈ ಹಾಕಿಯೇ ಬಿಟ್ಟಳು.

ಜನ್ಮವೆಲ್ಲ ಸುಳ್ಳು ಹೇಳಿ ಗಳಿಸಿದ ಹೆಸರು ನೋಡಿ! ಸತ್ಯ ಹೇಳಿದರೆ ಮಗು ನಗುತ್ತದೆ. ಪೆಪ್ಪರ್‌ಮಿಂಟ್ ಕೊಟ್ಟುಬಿಟ್ಟರೆ ಎಲ್ಲ ಸಲೀಸು. ಬಾಗಿಲ ಹಿಂದೆ ನಿಂತ ಅಕ್ಕ ಕೊಡು, ಕೊಡು ಎಂದು ಕೈಸನ್ನೆ ಮಾಡುತ್ತಿದ್ದಳು.

ನಾನು ಜೇಬನ್ನು ಬಿಗಿಯಾಗಿ ಮುಚ್ಚಿ ಹಿಡಿದೆ. “ಇಲ್ಲ ಮಗಾ. ಈ ಸಲ ನೀ ಗೆದ್ದಿಲ್ಲ.”

ನಗು ನಿಂತಿತು. ಆಟದಲ್ಲಿ ನಾನು ಯಾವತ್ತೂ ಮೋಸ ಮಾಡಿದವನಲ್ಲ, ಅದು ಅವಳಿಗೆ ಗೊತ್ತು.

“ಹಂಗಾರೆ ಅಪ್ಪ ಇನ್ನು ಯಾರ ಅಪ್ಪ?”

“ನಿನ್ನಪ್ಪನೇ. ಭಾನುವಾರ ಭಾನುವಾರ ನಿನ್ನ ಕರ್ಕೊಂಡು ಹೋಗ್ತಾನೆ. ನಂಗೆ ಹೇಳಿದಾನೆ.”

ನನ್ನ ಮುಖವನ್ನೇ ನೋಡಿ ಮೆಲ್ಲಗೆ ಕೇಳಿದಳು: “ಬಂಡಲ್?”

“ಅಲ್ಲ.”

ಆಮೇಲೆ ಅತ್ತಳು. ಅಳಲಿ ಬಿಡಿ, ನಾನು ತಡೆಯಲಿಲ್ಲ. ಅಳುವಂಥ ವಿಷಯಕ್ಕೆ ಅಳಬಾರದೇ?

ಸಾಮಾನನ್ನು ಕತ್ತಲಾದ ಮೇಲೆ ಸಾಗಿಸಿ ಎಂಬುದು ಅಕ್ಕನ ಎರಡನೇ ಪ್ಲಾನ್. ನಾವೇನು ಕಳ್ಳಮಾಲು ಒಯ್ಯುವವರೇ? ಹಾಡಹಗಲೇ ಟೆಂಪೋ ತರಿಸಿದೆ. ಕಪಾಟು, ಕುಕ್ಕರ್, ಪಲ್ಲವಿಯ ಸೈಕಲ್ ಎಲ್ಲ ಹೇರಿಸಿ, ಡ್ರೈವರ್ ಪಕ್ಕ ಮಂತ್ರಿಯ ಹಾಗೆ ಕೂತು, ಹಳದೀಪುರದ ಬಸ್‌ಸ್ಟಾಪಿನಲ್ಲಿ ಇದ್ದವರಿಗೆಲ್ಲ ಕೈ ಬೀಸಿದೆ. (ಮುಖ ತಿರುಗಿಸಿದವರಿಗೆ ಎರಡೆರಡು ಸಲ.)

ಕುಮಟಾದಲ್ಲಿ ಸಾಮಾನು ಇಳಿಸುವಾಗಲೇ ಪಕ್ಕದ ಮನೆಯಾಕೆ ಬೇಲಿಯ ಹತ್ತಿರ ಬಂದರು.

“ಅಪ್ಪ ಬರ್ಲಿಲ್ವಾ ತಂಗೀ?”

ಅಕ್ಕ ಬಾಯಿ ತೆರೆದಳು, ದುಬೈ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಪಲ್ಲವಿ ಸೈಕಲ್ ಹಿಡಿದುಕೊಂಡೇ ಹೇಳಿದಳು: “ಅಪ್ಪ ಬರೂದಿಲ್ಲ. ಅವ್ನು ಬೇರೆ ಮನೆ, ನಾವು ಬೇರೆ ಮನೆ. ನಿಮ್ಮನೆಲಿ ಜೋಕಾಲಿ ಉಂಟಾ?”

ಆಕೆ ನನ್ನನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿದರು. ಆಮೇಲೆ “ಉಂಟು, ಬಾ” ಎಂದು ಗೇಟು ತೆಗೆದರು.

ಮಗುವೇ ತಲೆ ತಗ್ಗಿಸಲಿಲ್ಲ, ಇನ್ನು ನಾವ್ಯಾಕೆ ತಗ್ಗಿಸಬೇಕು ಹೇಳಿ?