ತೊಳೆದಿಡಬೇಕಿಲ್ಲದ ಗ್ಲಾಸು

ಗಂಗಾವತಿಯಲ್ಲಿ ಕಲಿತ ರೈಸ್ ಮಿಲ್ ಫಿಟ್ಟರ್ ಕೆಲಸ ನನ್ನನ್ನು ದೇಶ ದೇಶ ತಿರುಗಿಸುತ್ತದೆ. ಹೋದಲ್ಲೆಲ್ಲ ಐರಿಶ್ ಪಬ್ ಹುಡುಕುತ್ತೇನೆ; ಅಲ್ಲಿ ಯಾರು ಹೋದರೂ ಕರೆದು ಕೂರಿಸುತ್ತಾರೆ. ಈ ಸಲ ಬ್ಯಾಂಕಾಕಿನಲ್ಲಿ ಜೊತೆಗಿದ್ದವನು ಸಹೋದ್ಯೋಗಿ ಬಸನಗೌಡ, ಕುಷ್ಟಗಿ ಕಡೆಯ ನಮ್ಮೂರಿನ ಗೌಡರ ಮಗ.

ಬಿಯರು ಮುಗಿದದ್ದೇ ನಾನು ಗ್ಲಾಸು ಹಿಡಿದು ನಲ್ಲಿ ಹುಡುಕುತ್ತ ಎದ್ದೆ. ಊರ ಚಹಾದಂಗಡಿಯಲ್ಲಿ ನಮ್ಮ ಕೇರಿಯವರ ಗ್ಲಾಸು ಇವತ್ತಿಗೂ ಹೊರಗಿನ ಕಟ್ಟೆಯ ಮೇಲೆ ಬೇರೆಯೇ ಇರುತ್ತದೆ, ಕುಡಿದವರೇ ತೊಳೆದಿಡಬೇಕು. ಕೈ ಅದನ್ನು ಮರೆತಿಲ್ಲ.

ಪಬ್ಬಿನ ಮಾಲೀಕ ನಗುತ್ತ ಗ್ಲಾಸು ಕಸಿದುಕೊಂಡು, ನನ್ನನ್ನು ಕೂರಿಸಿ, ಮತ್ತೆ ತುಂಬಿ ತಂದ. ಬಸನಗೌಡ ತನ್ನ ಗ್ಲಾಸನ್ನು ನನ್ನದಕ್ಕೆ ತಾಗಿಸಿದ.

ಹೊರಡುವಾಗ ಮೆಲ್ಲಗೆ ಹೇಳಿದ: “ದೋಸ್ತ, ಊರಾಗ ಕುಡದದ್ದು ಬೇಕಾದ್ರ ಹೇಳು. ಕೂಡಿ ಕುಂತದ್ದು ಮಾತ್ರ ಹೇಳಬ್ಯಾಡಪಾ.”