ಉಪ್ಪು ಕುಡಿದ ಕಂಬಗಳು

ಇದನ್ನು ಹೇಳುವುದನ್ನು ನಾನು ತುಂಬ ಮುಂದೂಡಿದ್ದೇನೆ. ಮಳೆ ನಿಲ್ಲಲಿ ಎಂದೆ, ಮಳೆ ನಿಂತ ಮೇಲೆ ಸೆಖೆ ಇಳಿಯಲಿ ಎಂದೆ. ಹೊಸ ಕನ್ನಡಕ ಬರಲಿ ಎಂದೆ, ಅದೂ ಬಂತು. ಬರೆಯಲು ಕೂತರೆ ಕಾಲು ನಿಲ್ಲುವುದಿಲ್ಲ. ಎದ್ದು ಅಂಗಳಕ್ಕೆ ಹೋಗುತ್ತೇನೆ, ಗೇಟಿನ ಚಿಲಕ ನೋಡುತ್ತೇನೆ, ಮತ್ತೆ ಒಳಗೆ ಬರುತ್ತೇನೆ. ಓದಿದ್ದು ಹೈಸ್ಕೂಲಿನವರೆಗೆ. ಚೆಂದ ಮಾಡಿ ಬರೆಯಲು ಬರುವುದಿಲ್ಲ, ಹಾಗಾಗಿ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳಿದ ಸುಳ್ಳಿನಿಂದ ಒಂದು ಮರದ ಕಟ್ಟಡ ಅರ್ಧಕ್ಕೆ ಬಿಚ್ಚಿಹೋಯಿತು. ಅದನ್ನು ಯೋಚಿಸಿ, ಬರೆದು, ನಿಲ್ಲಿಸಿದ ಹುಡುಗಿಗೆ ಕೆಲಸ ಗೊತ್ತಿಲ್ಲ ಎಂಬ ಮಾತು ಊರಲ್ಲಿ ಉಳಿಯಿತು. ಆ ಹುಡುಗಿ ನನ್ನ ತಮ್ಮನ ಮಗಳು.

ನಾನು ಕುಂದಾಪುರದ ಹೊಳೆಬದಿಯಲ್ಲಿ ದೋಣಿ ಕಟ್ಟುತ್ತಿದ್ದವನು. ಮೀನಿಗೆ ಹೋಗುವ ಮರದ ಬೋಟುಗಳು ನಮ್ಮ ಶೆಡ್ಡಿನಿಂದ ಎಷ್ಟೋ ಇಳಿದಿವೆ. ಆಮೇಲೆ ಫೈಬರ್ ಬಂತು, ಕಬ್ಬಿಣದ ಬೋಟು ಬಂತು. ಶೆಡ್ಡಿನ ಪಕ್ಕ ಮರ ಕೊಯ್ಯುವ ಮಿಲ್ಲು ಹಾಕಿಕೊಂಡೆ. ದೋಣಿಯ ಕೆಲಸ ಹೋದರೂ ದೋಣಿಯವನ ಗರ್ವ ಹೋಗಲಿಲ್ಲ. ಮರದ ವಿಷಯದಲ್ಲಿ ಈ ಕರಾವಳಿಯಲ್ಲಿ ನನಗೆ ಹೇಳುವವರು ಯಾರಿದ್ದಾರೆ ಎಂದುಕೊಂಡಿದ್ದೆ.

ತಮ್ಮನ ಮನೆ ಬಿಜೂರಿನಲ್ಲಿ. ಅವನು ಗದ್ದೆ, ತೆಂಗು ನೋಡಿಕೊಂಡವನು. ಮಗಳು ಕಟ್ಟಡದ ವಿನ್ಯಾಸ ಓದಿ, ಹೊರಗೆ ಮರದ ಕಟ್ಟಡ ಮಾಡುವವರ ಹತ್ತಿರ ಕೆಲಸ ಕಲಿತು, ಬ್ರಹ್ಮಾವರದಲ್ಲಿ ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ ಆಫೀಸು ಹಾಕಿದಳು. ಅವಳಿಗೆ ಸಿಕ್ಕಿದ ಮೊದಲ ದೊಡ್ಡ ಕೆಲಸ ಕೋಟದ ಹತ್ತಿರ, ಹೆದ್ದಾರಿಯ ಪಕ್ಕದ ಜಾಗ. ಜಾಗದ ಯಜಮಾನರು ಮೀನಿಗೆ ಐಸು ಮಾಡುವ ಕಾರ್ಖಾನೆಯವರು. ಕೆಳಗೆ ಆಫೀಸುಗಳು, ಮೇಲೆರಡು ಮಾಳಿಗೆ ವಾಸದ ಮನೆಗಳು ಬೇಕು ಎಂದಿದ್ದರು. ಅದನ್ನು ಪೂರ್ತಿ ಮರದಲ್ಲೇ ಕಟ್ಟುವ ಎಂದು ಅವರನ್ನು ಒಪ್ಪಿಸಿದವಳು ಅವಳು.

ನಕ್ಷೆ ಹಿಡಿದುಕೊಂಡು ನನ್ನ ಮಿಲ್ಲಿಗೆ ಬಂದ ದಿನ ಚೆನ್ನಾಗಿ ನೆನಪಿದೆ. ಹೊಟ್ಟಿನ ರಾಶಿಯ ಪಕ್ಕ ಒಂದು ಹಲಗೆಯ ಮೇಲೆ ಹಾಸಿ ತೋರಿಸಿದಳು. ಮಾಳಿಗೆಯ ನೆಲಕ್ಕೆ ಕಾಂಕ್ರೀಟಿಲ್ಲ. ತೆಳು ಹಲಗೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿ ಕಾರ್ಖಾನೆಯಲ್ಲಿ ಮಾಡಿದ ದಪ್ಪ ಹಾಸು. ಕೆಳಗೆ ಕೆಂಪುಕಲ್ಲಿನ ಎತ್ತರದ ಪಂಚಾಂಗ, ಅಂದರೆ ಅಡಿಪಾಯದ ಕಟ್ಟೆ. ಕಂಬ ನೆಲಕ್ಕೆ ತಾಗುವುದಿಲ್ಲ, ಉಕ್ಕಿನ ಪಾದದ ಮೇಲೆ ನಿಲ್ಲುತ್ತದೆ. ಕಂಬ ತೊಲೆ ಸೇರುವಲ್ಲಿ ಮರದ ಹೊಟ್ಟೆಯೊಳಗೆ ಉಕ್ಕಿನ ತಗಡು, ಅದಕ್ಕೆ ಬೋಲ್ಟು. ಬೆಂಕಿ ಬಿದ್ದರೂ ಮರ ಹೊರಗಿನಿಂದ ಕರಿಯಾಗಿ ಒಳಗಿನ ಉಕ್ಕನ್ನು ಕಾಯುತ್ತದಂತೆ. ಎಲ್ಲ ಮನೆಗಳ ಅಡುಗೆಕೋಣೆ, ಬಚ್ಚಲು ಒಂದರ ಮೇಲೊಂದು, ನೀರು ಒಂದೇ ಗೋಡೆಯಲ್ಲಿ ಇಳಿಯಬೇಕು. ಪಡುವಣ ಗಾಳಿಮಳೆ ತಾಗದಂತೆ ಮೇಲಿನ ಮಾಡು ಗೋಡೆಯಿಂದ ಹೊರಗೆ ಚಾಚಿತ್ತು. ಹಗಲು ಆಫೀಸಿನವರ ಗಾಡಿ ನಿಲ್ಲುವ ಜಾಗದಲ್ಲೇ ಸಂಜೆ ಮೇಲಿನ ಮನೆಯವರ ಗಾಡಿ. ಮಾಡಿನ ಮೇಲಿನ ಬಿಸಿಲಿನ ಕರೆಂಟು ಹಗಲು ಕೆಳಗಿನವರಿಗೆ, ಉಳಿದದ್ದು ಮೇಲಿನವರಿಗೆ. ಒಂದು ಕಟ್ಟಡವನ್ನು ಹಾಗೆ ಇಡೀ ದಿನ ದುಡಿಸಬಹುದೆಂದು ನನಗೆ ಹೊಳೆದೇ ಇರಲಿಲ್ಲ.

"ಹೊಯ್ಗೆ ಇಲ್ಲೆ, ಸಿಮೆಂಟ್ ಇಲ್ಲೆ. ಇದೆಂತ ಮನಿಯಾ, ಬೋಟಾ?" ಎಂದೆ.

"ಬೋಟೇ ಅಂದ್ಕಣಿ ದೊಡ್ಡಪ್ಪಯ್ಯ. ಅದ್ಕೇ ನಿಮ್ಮ ಹತ್ರ ಬಂದದ್ದ್. ಕಂಬ, ತೊಲೆ ನಿಮ್ಮ ಮಿಲ್ಲಿದೇ ಆಯ್ಕ್."

ಆ ಮಾತಿಗೆ ನಾನು ಉಬ್ಬಿದೆ. ಅವಳು ನಗುತ್ತ ಹೇಳಿದ್ದು, ನಾನು ಪೂರ್ತಿ ನಂಬಿಬಿಟ್ಟೆ.

ಹೊರಡುವಾಗ ಒಂದೇ ಒಂದು ಕಟ್ಟಪ್ಪಣೆ ಮಾಡಿದಳು. ಮರ ಒಣಗುವುದು ಒಣಗಿಸುವ ಕೋಣೆಯಲ್ಲೇ, ಬಿಸಿಗಾಳಿಯಲ್ಲೇ. ಹೊಳೆಗೆ ಹಾಕಬಾರದು.

ನಮ್ಮಲ್ಲಿ ದೋಣಿಯ ಮರವನ್ನು ಕೊಯ್ಯುವ ಮೊದಲು ಹೊಳೆಬಾಯಿಯ ಉಪ್ಪುನೀರಿನಲ್ಲಿ, ಕೆಸರಿನಲ್ಲಿ ಹೂತು ಮುಳುಗಿಸಿಡುವುದು ರೂಢಿ. ಉಪ್ಪು ಕುಡಿದ ಹೆಬ್ಬಲಸಿನ ಮರಕ್ಕೆ ಹುಳ ಹಿಡಿಯುವುದಿಲ್ಲ, ಸೀಳುವುದೂ ಕಮ್ಮಿ. ಅಪ್ಪಯ್ಯ ಹಾಗೆ ಮಾಡಿದರು, ನಾನೂ ಹಾಗೆ ಮಾಡಿದೆ. ಉಪ್ಪುನೀರು ಕಾಣದ ಮರ ನನ್ನ ಕಣ್ಣಿಗೆ ಹಸಿಗೂಸು. ಅಂಥ ಮರದ ಮೇಲೆ ಜನ ಸಂಸಾರ ಮಾಡಬೇಕಲ್ಲ ಎಂದು ಸಂಕಟವಾಯಿತು. ಹುಡುಗಿಗೆ ಏನು ಗೊತ್ತು, ನಾಳೆ ಗೆದ್ದಲು ಹತ್ತಿದರೆ ಕೆಟ್ಟ ಹೆಸರು ಅವಳಿಗೇ ತಾನೆ ಎಂದುಕೊಂಡೆ. ಅವಳ ಒಳ್ಳೆಯದಕ್ಕೇ ಎಂದು ನನಗೆ ನಾನೇ ಹೇಳಿಕೊಂಡು, ಗಾಳಿಮಳೆ ಬಡಿಯುವ ಎದುರು ಸಾಲಿನ ಕಂಬಗಳ ದಿಮ್ಮಿಗಳನ್ನು ಹೊಳೆಗೆ ಇಳಿಸಿದೆ. ಒಂದು ಬೇಸಿಗೆ ಪೂರ್ತಿ ಅವು ಅಲ್ಲೇ ಇದ್ದವು. ಆಮೇಲೆ ಎತ್ತಿ, ಕೊಯ್ದು, ಅವಳು ಹೇಳಿದ ಕೋಣೆಯಲ್ಲೂ ಒಣಗಿಸಿದೆ. ನೋಡಲು ಚಿನ್ನದಂಥ ಕಂಬಗಳು.

ನಾನು ಮರೆತದ್ದು ಒಂದೇ. ದೋಣಿ ಹೇಗೂ ನೀರಿನಲ್ಲೇ ಇರುವುದು, ಅದರ ಮೊಳೆಯನ್ನು ನಾವು ಆಗಾಗ ಕಿತ್ತು ಬದಲಿಸುತ್ತಿದ್ದೆವು. ಇಲ್ಲಿ ಉಕ್ಕು ಮರದ ಹೊಟ್ಟೆಯೊಳಗೆ ಕೂತಿತ್ತು. ಮನೆಯ ಉಪ್ಪಿನ ಭರಣಿ ಆಷಾಢದಲ್ಲಿ ಬೆವರುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಉಪ್ಪಿದ್ದ ಕಂಬವೂ ಹಾಗೇ ಬೆವರುತ್ತದೆ, ಆ ಬೆವರು ಉಕ್ಕನ್ನು ತಿನ್ನುತ್ತದೆ ಎಂದು ಮಾತ್ರ ಯೋಚಿಸಲಿಲ್ಲ.

ಅವಳು ಮರದ ತೇವ ನೋಡುವ ಸಣ್ಣ ಯಂತ್ರವನ್ನು ಮಿಲ್ಲಿಗೆ ತಂದು, ಕೊಯ್ದಿಟ್ಟ ಕಂಬಗಳಿಗೆ ಚುಚ್ಚಿ ನೋಡಿದಳು. ಹಿಂದಿನ ಸಾಲು ಸರಿ ಇತ್ತು. ಎದುರು ಸಾಲಿಗೆ ಬಂದಾಗ ಹುಬ್ಬು ಗಂಟಿಕ್ಕಿತು. ಒಣಗಿದ ಮರವಾದರೂ ಯಂತ್ರ ತೇವ ತೋರಿಸುತ್ತಿತ್ತು, ಮರದಲ್ಲಿ ಉಪ್ಪಿದ್ದರೆ ಹಾಗಾಗುತ್ತದಂತೆ. ಇನ್ನೊಮ್ಮೆ ಚುಚ್ಚಿದಳು.

"ದೊಡ್ಡಪ್ಪಯ್ಯ, ಇದ್ ಉಪ್ಪು ನೀರಗೆ ಹಾಕಿದ್ ಮರ ಅಲ್ದಲೆ?"

"ಇಲ್ಲೆ," ಎಂದೆ. "ನಿನ್ನ ಮಿಶನ್ನೇ ಹಾಳಾಯ್ತೋ ಏನೋ."

"ಖರೇ ಹೇಳಿ. ಹಾಕಿದ್ರೆ ಬೇರೆ ಮರ ಕೊಯ್ಯುವ, ಎಂತದೂ ಆತಿಲ್ಲೆ."

"ಹೆಣೆ, ನಿಂಗೆ ಮರ ಕಲಿಸುಕೆ ಬಂದವ ನಾನ್. ನನ್ನ ಕೇಂತಿಯಾ ನೀನ್?"

ಕೆಲಸದವರು ನಕ್ಕರು. ಅವಳು ಯಂತ್ರವನ್ನು ಚೀಲಕ್ಕೆ ಹಾಕಿಕೊಂಡಳು. ದೊಡ್ಡಪ್ಪನ ಮಾತನ್ನು ಯಂತ್ರದ ಮಾತಿಗಿಂತ ಮೇಲೆ ಇಟ್ಟಳು. ಅವಳ ಕೆಲಸದಲ್ಲಿ ನನಗೆ ಕಂಡ ಒಂದೇ ತಪ್ಪು ಅದು.

ಚಳಿಗಾಲದಲ್ಲಿ ಕಂಬಗಳು ಎದ್ದವು. ಹೆದ್ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ನೋಡುತ್ತಿದ್ದರು. ಮಳೆ ಬಿದ್ದು ಸ್ವಲ್ಪ ದಿನಕ್ಕೆ ಎದುರು ಸಾಲಿನ ಕಂಬಗಳು ಒದ್ದೆಯಾದವು. ಮಾಡು ಹಾಕಿ ಆಗಿತ್ತು, ಎಲ್ಲೂ ಸೋರುತ್ತಿರಲಿಲ್ಲ, ಆದರೂ ಒದ್ದೆ. ಬೋಲ್ಟಿನ ಸುತ್ತ ಕಂದು ನೀರು ಇಳಿಯತೊಡಗಿತು. ಒಂದು ಬೋಲ್ಟು ಬಿಚ್ಚಿ ನೋಡಿದರೆ ತುಕ್ಕು ಪದರ ಪದರವಾಗಿ ಉದುರಿತು.

ಯಜಮಾನರು ಎಲ್ಲರನ್ನೂ ಜಾಗಕ್ಕೆ ಕರೆದರು. ಅವರ ಭಾವ ಕಾಂಕ್ರೀಟ್ ಕಂಟ್ರಾಕ್ಟರು, ಮೊದಲಿನಿಂದಲೂ ಮರ ಬೇಡ ಎಂದವರು.

"ನಾ ಆಗಳೇ ಹೇಳಿದ್ದೆ, ಭಾವ," ಎಂದರು. "ಚಿತ್ರ ಬರೂಕ್ ಬಂದ್ರೆ ಮನಿ ಕಟ್ಟೂಕ್ ಬತ್ತಾ? ಈಗ ಕಾಣಿ, ಕಟ್ಟಡಕ್ಕೇ ಶೀತ ಆಯ್ತ್. ಕಷಾಯ ಮಾಡಿ ಕೊಡುವನಾ?"

ಯಾರೋ ನಕ್ಕರು. ಯಜಮಾನರು ನಗಲಿಲ್ಲ. ನನ್ನ ಕಡೆ ತಿರುಗಿದರು. "ನೀವ್ ಹಿರಿಯರ್. ಮರ ನಿಮ್ದೇ, ಹುಡ್ಗಿಯೂ ನಿಮ್ದೇ. ಆದ್ರೂ ನೀವ್ ಹೇಳಿದ್ ನಾ ಕೇಣ್ತೆ. ತಪ್ಪು ಮರದ್ದಾ, ಅವಳ ಲೆಕ್ಕದ್ದಾ?"

ನಾನು ಬಾಯಿ ತೆರೆಯುವ ಮೊದಲು ಅವಳು ಕಂಬದ ಹತ್ತಿರ ಹೋದಳು. ಇಳಿಯುತ್ತಿದ್ದ ಹನಿಯನ್ನು ಬೆರಳಿನಲ್ಲಿ ತೆಗೆದು ನಾಲಗೆಗೆ ಮುಟ್ಟಿಸಿದಳು. ಉಳಿದವರು ಭಾವನ ತಮಾಷೆಯಲ್ಲಿದ್ದರು, ನೋಡಿದವನು ನಾನೊಬ್ಬನೇ. ಅವಳು ತಿರುಗಿ ನನ್ನ ಮುಖ ನೋಡಿದಳು. ಸಿಟ್ಟಿನಿಂದಲ್ಲ. ಕಾಯುವವರ ಹಾಗೆ.

"ಮರದಗೆ ತಪ್ಪಿಲ್ಲೆ," ಎಂದೆ ನಾನು.

"ದೊಡ್ಡಪ್ಪಯ್ಯ, ಇನ್ನೆಂತಾರೂ ಹೇಳೂಕಿತ್ತಾ?"

"ಎಂತ ಇಲ್ಲೆ."

ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು. ಎಲ್ಲರೂ ನಾಲಗೆಗೆ ಮುಟ್ಟಿಸಿ ನೋಡಬಹುದಿತ್ತು. ಅಷ್ಟು ಜನರ ಎದುರು ದೊಡ್ಡಪ್ಪನನ್ನು ಸುಳ್ಳುಗಾರ ಮಾಡಲು ಅವಳಿಂದ ಆಗಲಿಲ್ಲ. ಎದುರು ಸಾಲನ್ನು ಬದಲಿಸಿ ಕೊಡುತ್ತೇನೆ ಎಂದಷ್ಟೇ ಕೇಳಿಕೊಂಡಳು. ಯಜಮಾನರಿಗೆ ನಂಬಿಕೆ ಹೋಗಿತ್ತು. ದೋಣಿ ಕಟ್ಟಿದ ಮುದುಕ ಮರ ಸರಿ ಇದೆ ಎನ್ನುವಾಗ ಇನ್ನು ವಿನ್ಯಾಸವೇ ಸರಿ ಇಲ್ಲ ಎಂದಾಯಿತಲ್ಲ. ಕಂಬಗಳನ್ನು ಬಿಚ್ಚಿದರು. ಅದೇ ಪಂಚಾಂಗದ ಮೇಲೆ ಭಾವನ ಕಾಂಕ್ರೀಟು ಎದ್ದಿತು.

ಈಗ ಆ ಕಟ್ಟಡದಲ್ಲಿ ಜನ ಇದ್ದಾರೆ. ಪಡುವಣ ಬಿಸಿಲಿಗೆ ಮೇಲಿನ ಮನೆಗಳು ಕಾಯುತ್ತವೆ ಎಂದು ಪರದೆ ಕಟ್ಟಿಕೊಂಡಿದ್ದಾರೆ. ಬ್ರಹ್ಮಾವರದ ಕಡೆ ಬಸ್ಸಿನಲ್ಲಿ ಹೋಗುವಾಗ ಕೋಟ ಹತ್ತಿರವಾದಂತೆ ನನಗೆ ಕೂರಲು ಆಗುವುದಿಲ್ಲ. ಒಂದೊಂದು ಸಲ ಆ ಕಟ್ಟಡದ ಮೊದಲೇ ಇಳಿದು, ಹೆದ್ದಾರಿಯ ಈಚೆ ಬದಿಯಲ್ಲಿ ತಲೆ ತಗ್ಗಿಸಿ ನಡೆದು ದಾಟಿ, ಸಾಸ್ತಾನದ ಕಡೆ ಹೋಗುವ ಇನ್ನೊಂದು ಬಸ್ಸು ಹಿಡಿಯುತ್ತೇನೆ. ಅವಳ ಆಫೀಸು ಇನ್ನೂ ಇದೆ. ಕಾಂಪೌಂಡು ಗೋಡೆ, ಅಂಗಡಿಯ ಶೆಟರು, ಪಂಚಾಯತಿಗೆ ಕೊಡುವ ನಕ್ಷೆ, ಇಂಥವು ಬರುತ್ತವೆ. ಬಹಳ ಕಾಲ ಮರದ ಕೆಲಸ ಕೇಳಿ ಯಾರೂ ಬರಲಿಲ್ಲ.

ಕಳೆದ ಬೇಸಿಗೆಯಲ್ಲಿ ತಡೆಯಲಾರದೆ ಐಸಿನ ಕಾರ್ಖಾನೆಗೆ ಹೋಗಿ ಯಜಮಾನರಿಗೆ ಹೇಳಿದೆ. ಹೊಳೆಗೆ ಹಾಕಿದ್ದು, ಕೇಳಿದಾಗ ಸುಳ್ಳು ಹೇಳಿದ್ದು, ಎಲ್ಲರೆದುರು ಮತ್ತೆ ಹೇಳಿದ್ದು.

"ಕಾಂಕ್ರೀಟ್ ಒಡಿಯೂಕ್ ಆತಿಲ್ಲೆ ಈಗ," ಎಂದರು. "ಬೈಂದೂರಗೆ ಒಂದ್ ಜಾಗ ಇತ್ತ್. ಕೆಲಸದವರಿಗೆ ಮನಿ ಕಟ್ಟುಕ್ ಅಂದೇಳಿ. ಅವ್ಳಿಗೇ ಕೊಡುವ. ಮರದಗೇ ಮಾಡ್ಲಿ."

ನನಗೆ ಎದ್ದು ನಿಲ್ಲಲೂ ಆಗಲಿಲ್ಲ, ಕೂತಿರಲೂ ಆಗಲಿಲ್ಲ.

"ಅವ್ಳಿಗೆ ಹೇಳಿದ್ರ್ಯಾ ನೀವ್?" ಎಂದು ಅವರೇ ಕೇಳಿದರು.

"ಇಲ್ಲೆ."

"ಮತ್ತೆ ನನ್ನ ಹತ್ರ ಎಂತಕ್ಕೆ ಬಂದದ್ ಮರಾಯ್ರೆ, ಅವ್ಳನ್ನ ಬಿಟ್?"

ಉತ್ತರ ನನಗೆ ಗೊತ್ತಿತ್ತು. ಅವರಿಗೆ ಹೇಳಿದರೆ ನಾಚಿಕೆ ಅಷ್ಟೇ. ಹುಟ್ಟಿದಾಗಿನಿಂದ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದವಳ ಎದುರು ತಲೆ ತಗ್ಗಿಸಿ ತಪ್ಪಾಯಿತು ಎನ್ನಬೇಕು, ನಮ್ಮ ಮನೆಯಲ್ಲಿ ಯಾವ ಹಿರಿಯನೂ ಹಾಗೆ ಮಾಡಿದ್ದನ್ನು ನಾನು ನೋಡಿಲ್ಲ. ತಮ್ಮನಿಗೂ ಹೇಳಿದೆ. ಅವನು ಗದ್ದೆಯ ಕಂಟದಲ್ಲಿ, ಬದುವಿನ ಮೇಲೆ, ನಿಂತು ಕೇಳಿ, "ನಂಗೆ ಹೇಳ್ಬೇಡ ಅಣ್ಣ" ಎಂದು ನೀರು ತಿರುಗಿಸಲು ಹೋದ.

ಬೈಂದೂರಿನ ಕೆಲಸ ಸಿಕ್ಕಿದ ಮೇಲೆ ಅವಳು ನಮ್ಮ ಮನೆಗೆ ಬಂದಳು. ಮುಖದಲ್ಲಿ ಬಹಳ ದಿನಕ್ಕೆ ಗೆಲುವಿತ್ತು. ನಕ್ಷೆ ಹಾಸಿದಳು, ಕಂಬದ ಅಳತೆ ಹೇಳಿದಳು. ಮರ ಎಲ್ಲಿಂದ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಚಾ ಕುಡಿದಳು. ಹೊರಡುವಾಗ ಎಂದಿನಂತೆ ಬಗ್ಗಿ ಕಾಲು ಮುಟ್ಟಿದಳು. ನನ್ನ ಕೈ ತಾನಾಗಿ ಅವಳ ತಲೆಯ ಮೇಲೆ ಹೋಗಿ ಆಶೀರ್ವಾದ ಮಾಡಿತು. ಅವಳು ಅಂಗಳ ದಾಟುವಾಗ ಬಾಗಿಲಿಗೆ ಬಂದು ಕರೆದೆ.

"ಹ್ವಾಯ್, ಮಗಾ."

"ಎಂತ ದೊಡ್ಡಪ್ಪಯ್ಯ?"

ಕಂಬದ ಹತ್ತಿರ ನಿಂತ ದಿನದ ಹಾಗೆಯೇ ತಿರುಗಿ ಕಾದಳು.

"ಎಂತ ಇಲ್ಲೆ. ಸ್ಕೂಟರ್ ನಿಧಾನ ಬಿಡ್."

ಅವಳು ತಲೆಯಾಡಿಸಿ ಹೋದಳು. ಯಜಮಾನರಿಗೆ ಹೇಳಿಯಾಯಿತು, ತಮ್ಮನಿಗೆ ಹೇಳಿಯಾಯಿತು, ಈಗ ಓದುವ ನಿಮಗೂ ಹೇಳಿದೆ. ತಪ್ಪಾಯಿತು ಎಂಬ ಮಾತು ಸಲ್ಲಬೇಕಾದ ಒಬ್ಬಳಿಗೆ ಮಾತ್ರ ಇನ್ನೂ ಹೇಳಿಲ್ಲ, ನನ್ನ ತಮ್ಮನ ಮಗಳಿಗೆ.