‘ಪರವಾಗಿಲ್ಲ’ ಎನ್ನಗೊಡದ ಸೆನ್ಸೇ

ಗೇಣಿಗಿಂತಲೂ ಕಿರಿದಾದ ತೊಲೆಯ ಮೇಲೆ ನಡೆಯುವುದನ್ನೇ ಬದುಕಾಗಿಸಿಕೊಂಡ ಹೆಣ್ಣುಮಕ್ಕಳು ಜಪಾನಿನ ನಮ್ಮ ಫುಕುಯಿ ಸೀಮೆಯಲ್ಲಿ ಹೆಚ್ಚಿಲ್ಲ. ಪದಕಗಳ ಸಾಲಿನಲ್ಲಿ ಹುಡುಕಿದರೆ ಸುಲಭಕ್ಕೆ ಸಿಗದಿದ್ದರೂ, ಜಿಮ್ನಾಸ್ಟಿಕ್ಸ್ ಬಲ್ಲವರ ನಾಲಗೆಗೆ ಮೊದಲು ಬರುವ ಹೆಸರು ಕುವಾಬಾರಾ ಸತ್ಸುಕಿ ಸೆನ್ಸೇ ಅವರದು; ಸೆನ್ಸೇ ಎಂದರೆ ಗುರು. ಈ ವಸಂತದಲ್ಲಿ ಅವರು ಸಬಾಎ ಊರಿನ ತರಬೇತಿ ಶಾಲೆಯ ಹೊಣೆಯಿಂದ ನಿವೃತ್ತರಾಗುತ್ತಿದ್ದಾರೆ. ನಾಲ್ಕು ಮಾತು ಬರೆಯಬೇಕೆಂದು ಬೀಳ್ಕೊಡುಗೆ ಸಮಿತಿಯವರು ಕೇಳಿದಾಗ ಹಿಂಜರಿದೆ. ನಾನು ಆಡಿದವಳಲ್ಲ, ಆಡಿಸಿದವಳೂ ಅಲ್ಲ. ಮೂಲೆಯ ಪಿಯಾನೊ ಮುಂದೆ ಕೂತು ಕೇಳಿಸಿಕೊಂಡವಳು.

ನೆಲದ ಪ್ರದರ್ಶನಕ್ಕೆ ಪಕ್ಕದಲ್ಲಿ ಕೂತು ನುಡಿಸುವವರು ಬೇಕಾಗಿದ್ದ ಕಾಲವದು. ಬುದ್ಧಗುಡಿಯ ಮನೆಯಲ್ಲಿ ಅಜ್ಜಿಯ ಬೆನ್ನಿಗೆ ಕೂತು ಬೆಳಗು ಬೈಗು ಶ್ಲೋಕ ಹೇಳಿ ಬೆಳೆದ ಕಿವಿಗೆ, ಪಾದ ಎಲ್ಲಿ ಮುಗಿಯುತ್ತದೆ, ಉಸಿರು ಎಲ್ಲಿ ನಿಲ್ಲಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ. ಸತ್ಸುಕಿಯವರ ಪಾದಗಳನ್ನೂ ನಾನು ಹಾಗೆಯೇ ಕೇಳಿದೆ. ಕನ್ನಡಕದ ಚೌಕಟ್ಟುಗಳನ್ನು ಉಜ್ಜಿ ಹೊಳಪು ಕೊಡುವ ಮನೆತನ ಅವರದು. ಊಟಕ್ಕೆ ಕೂತರೆ ತಾಯಿಯ ಕೈಯೂ ಬಿಳಿ, ಮಗಳ ಕೈಯೂ ಬಿಳಿ. ಒಂದು ಉಜ್ಜಿದ ಪುಡಿ, ಒಂದು ಹಿಡಿತಕ್ಕೆ ಹಚ್ಚಿಕೊಂಡ ಸೀಮೆಸುಣ್ಣದ ಪುಡಿ. ಓಡಿ, ಮಗುಚಿ, ನಿಂತಾಗ ಅವರ ಪಾದ ಶ್ಲೋಕದ ಪಾದದಂತೆ ಮುಗಿಯುತ್ತಿತ್ತು, ತುಸುವೂ ಉಳಿಯದೆ.

ರಾಷ್ಟ್ರಮಟ್ಟದ ಆಯ್ಕೆಯ ದಿನ ಆ ಸದ್ದು ಬದಲಾಗಿತ್ತು. ಬೆಳಗಿನ ಅಭ್ಯಾಸದಲ್ಲಿ ಎಡಗಾಲು ಬಲಗಾಲಿಗಿಂತ ತಡವಾಗಿ ನೆಲ ಮುಟ್ಟುತ್ತಿತ್ತು. ಅವರ ಗುರು ಇಗಾರಾಶಿ ಸೆನ್ಸೇ ಕೆಟ್ಟವರಲ್ಲ. ಅವರೂ ಗಮನಿಸಿದರು, ಹತ್ತಿರ ಬಂದು ಕೇಳಿದರು.

“ಪರವಾಗಿಲ್ವಾ?”

“ಪರವಾಗಿಲ್ಲ.”

ನಮ್ಮ ಜನರಲ್ಲಿ ಪ್ರಶ್ನೆಯೂ ಅದೇ ಮಾತು, ಉತ್ತರವೂ ಅದೇ ಮಾತು. ದನಿಯ ಬಾಲ ಮೇಲೆದ್ದರೆ ಪ್ರಶ್ನೆ, ಇಳಿದರೆ ಉತ್ತರ. ಬೇರೆ ಉತ್ತರ ಕೊಟ್ಟರೆ ಕೇಳಿದವರಿಗೇ ತೊಂದರೆ ಕೊಟ್ಟಂತೆ. ಹೀಗೆ ಕೇಳಬೇಕಾದ್ದನ್ನು ಕೇಳಿ, ಹೇಳಬೇಕಾದ್ದನ್ನು ಹೇಳಿ, ಇಬ್ಬರೂ ತಲೆಬಾಗಿದರು. ಕೊನೆಯ ಓಟದಲ್ಲಿ ಹಿಮ್ಮಡಿಯ ನರ ಹರಿಯಿತು. ಆಸ್ಪತ್ರೆಗೆ ದಿನವೂ ಬರುತ್ತಿದ್ದ ಇಗಾರಾಶಿ ಸೆನ್ಸೇ ಅಲ್ಲಿಯೂ ಅದನ್ನೇ ಕೇಳಿದರು. ಇವರು ಅಲ್ಲಿಯೂ ಅದನ್ನೇ ಹೇಳಿದರು. ಸತ್ಸುಕಿಯವರು ಮತ್ತೆ ಸ್ಪರ್ಧೆಗೆ ಇಳಿಯಲಿಲ್ಲ.

ಗುರುಗಳು ತೀರಿಕೊಂಡ ಮೇಲೆ ಶಾಲೆ ಇವರ ಕೈಗೆ ಬಂದಿತು. ಬಂದ ದಿನವೇ ಆ ಒಂದು ಮಾತನ್ನು ಹೊಸಿಲಾಚೆ ಇಟ್ಟರು. ಇಲ್ಲಿ ಯಾರೂ ‘ಪರವಾಗಿಲ್ವಾ’ ಎಂದು ಕೇಳಕೂಡದು. ‘ಎಲ್ಲಿ ನೋಯ್ತಿದೆ’ ಎಂದು ಕೇಳಬೇಕು. ಮಕ್ಕಳಿಗೆ ಇದು ಮೊದಮೊದಲು ಆಟವಾಯಿತು. ಹೊನೊಕಾ ಎಂಬ ಚೂಟಿ ಹುಡುಗಿಯೊಬ್ಬಳು ತನಗೆ ಹೊಟ್ಟೆಯ ಒಳಗೆ, ಅನ್ನದುಂಡೆ ಇರಬೇಕಾದ ಜಾಗದಲ್ಲಿ ನೋವೆಂದು ದೂರು ಕೊಟ್ಟಿದ್ದಳು. ಸೆನ್ಸೇ ನಗದೆ ತಮ್ಮ ಡಬ್ಬಿಯನ್ನು ಬಿಚ್ಚಿ ಅರ್ಧ ಕೊಟ್ಟು, ಮಿಕ್ಕ ನೋವನ್ನು ತೊಲೆಯ ಮೇಲೆ ಹೇಳಬೇಕೆಂದರು. ನನ್ನ ಪಿಯಾನೊ ಹೋಗಿ ಟೇಪು ಬಂದಾಗ, ಟೇಪು ಹಾಕುವವಳನ್ನಾಗಿ ನನ್ನನ್ನು ಅಲ್ಲಿಯೇ ಉಳಿಸಿಕೊಂಡವರೂ ಅವರೇ. ಕಿವಿ ಬೇಕು, ಕೈ ಯಾರದಾದರೂ ಆದೀತು ಎಂದಿದ್ದರು.

ಅದೇ ಹೊನೊಕಾ ಹದಿನಾರಕ್ಕೆ ಇಡೀ ದೇಶದ ಪಂದ್ಯಕ್ಕೆ ಆಯ್ಕೆಯಾದಳು. ನಮ್ಮ ಶಾಲೆಯಿಂದ ಅಷ್ಟು ದೂರ ಹೋದವರು ಬೇರೆ ಇರಲಿಲ್ಲ. ಹೊರಡುವ ಮುಂಚೆ ಸೆನ್ಸೇ ಎಂದಿನಂತೆ ಕೇಳಿದರು. ಹುಡುಗಿ ಹೆಗಲ ಚೀಲವನ್ನು ಕೆಳಗಿಟ್ಟಳು. ಆಮೇಲೆ ಸೊಂಟದ ಮೇಲೆ ಬೆರಳಿಟ್ಟಳು. “ಇಲ್ಲಿ. ಹಿಂದಕ್ಕೆ ಬಾಗಿದ್ರೆ ಕಾಲಿನವರೆಗೂ ಇಳಿಯುತ್ತೆ.” ಮರುಕ್ಷಣವೇ ಸೆನ್ಸೇಯ ತೋಳು ಹಿಡಿದುಕೊಂಡಳು. “ನೀವು ಕೇಳಿದ್ರಿ ಅಂತ ಹೇಳ್ದೆ. ಅದಕ್ಕೆ ನಿಲ್ಲಿಸ್ಬೇಡಿ.”

ಸೆನ್ಸೇ ನಿಲ್ಲಿಸಿದರು. ಬೆನ್ನೆಲುಬು ಬಿರುಕು ಬಿಟ್ಟಿದೆಯೆಂದು ವೈದ್ಯರು ಹೇಳಿದ ಮೇಲೂ ಪ್ರಾಯೋಜಕರಲ್ಲಿ ಒಬ್ಬ ಹಿರಿಯರು ಬಂದು, “ಒಂದೇ ದಿನ ತಡ್ಕೊಂಡ್ರೆ ಆಗಲ್ವೇನಮ್ಮಾ? ನಾವೆಲ್ಲ ತಡ್ಕೊಂಡೇ ಬಂದವ್ರು” ಎಂದರು. “ಹೌದು, ನಾನೂ ತಡ್ಕೊಂಡೇ ಬಂದವ್ಳು. ಮೆಟ್ಟಿಲು ಇಳಿಯೋವಾಗ ನೋಡಿ ನನ್ನ” ಎಂದರು ಸೆನ್ಸೇ.

ಆ ವರ್ಷ ಹಲವು ಮಕ್ಕಳು ಬೇರೆ ಶಾಲೆಗೆ ಹೋದರು. ಹೊನೊಕಾ ದಾರಿಯಲ್ಲಿ ಕಂಡರೆ ತಲೆಬಾಗುತ್ತಿದ್ದಳು, ಮಾತಾಡುತ್ತಿರಲಿಲ್ಲ. ಬೆನ್ನು ಕೂಡಿಕೊಂಡಿತು, ಆದರೆ ಆ ಪಂದ್ಯ ಅವಳಿಗೆ ಮತ್ತೆ ದಕ್ಕಲಿಲ್ಲ. ಖಾಲಿ ಒಳಾಂಗಣದಲ್ಲಿ ಸೆನ್ಸೇ ಒಬ್ಬರೇ ಮ್ಯಾಟ್ ಒರೆಸುತ್ತಿದ್ದ ಸದ್ದು ನನ್ನ ಕಿವಿಯಲ್ಲಿದೆ; ಎಡಗಾಲು ಇನ್ನೂ ತಡವಾಗಿಯೇ ನೆಲ ಮುಟ್ಟುತ್ತಿತ್ತು. ಅವರು ದಣಿದರೆಂದು ಅವರ ಬಾಯಿಂದ ಯಾರೂ ಕೇಳಿರಲಿಲ್ಲ. ನೋವನ್ನು ಹೇಳಲು ಒಂದು ತಲೆಮಾರಿಗೇ ಕಲಿಸಿದವರು ತಮ್ಮದನ್ನು ಮಾತ್ರ ಹಳೆಯ ಗುರುವಿನ ಭಾಷೆಯಲ್ಲಿಯೇ ಇಟ್ಟುಕೊಂಡಿದ್ದರು.

ಹೊನೊಕಾ ತನ್ನ ಮಗಳ ಕೈಹಿಡಿದು ಮರಳಿ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಈಗ ಶಾಲೆಯ ಹೊಣೆ ಹೊರುವವಳು ಅವಳೇ. ಕಳೆದ ತಿಂಗಳು ಕೊನೆಯ ಪಾಠ ಮುಗಿದಾಗ ಎಲ್ಲರೂ ಸಾಲಾಗಿ ನಿಂತು, ದಿನದ ಕೆಲಸ ಮುಗಿದಾಗ ನಾವು ಪರಸ್ಪರ ಹೇಳಿಕೊಳ್ಳುವ ‘ದಣಿದಿರಿ’ ಎಂಬ ಮಾತನ್ನು ಹೇಳಿ ಬಾಗಿದರು. ಮ್ಯಾಟಿನ ಮೇಲೆ ಕೂತಿದ್ದ ಸೆನ್ಸೇ ಏಳಲು ಹೋಗಿ ವಾಲಿದರು. ಶಾಲೆಗೆ ಹೊಸದಾಗಿ ಸೇರಿದ ಮಗುವಿನ ತಂದೆಯೊಬ್ಬರು ಓಡಿಬಂದು, “ಪರವಾಗಿಲ್ವಾ?” ಎಂದರು.

“ಪರವಾಗಿಲ್ಲ.”

ಸಾಲಿನಿಂದ ಹೊನೊಕಾ ಮುಂದೆ ಬಂದು ಮಂಡಿಯೂರಿದಳು. “ಸೆನ್ಸೇ, ಆ ಮಾತು ಇಲ್ಲಿ ನಡೆಯಲ್ಲ. ಎಲ್ಲಿ ನೋಯ್ತಿದೆ?”

ಸತ್ಸುಕಿಯವರು ಮ್ಯಾಟಿನ ಮೇಲೆ ಮತ್ತೆ ಕೂತುಕೊಂಡರು.

“ಹಿಮ್ಮಡಿ. ಮೊಣಕಾಲು. ಸೊಂಟ ನಿನ್ನದಕ್ಕಿಂತ ಹಳೇದು ಕಣೇ,” ಎಂದರು. ಮತ್ತೆ ಎಡಗಾಲನ್ನು ಮುಂದೆ ಚಾಚಿ, “ದಣಿದಿದೀನಿ” ಎಂದರು.

ಹೊನೊಕಾ ಅವರ ಎಡಪಾದವನ್ನು ತನ್ನ ಮಡಿಲಿಗೆ ಎತ್ತಿಕೊಂಡಳು.

ಕುವಾಬಾರಾ ಸತ್ಸುಕಿ ಸೆನ್ಸೇ ದೀರ್ಘಕಾಲ ಬಾಳಲಿ. ಪುಟ್ಟ ಮಕ್ಕಳ ಮಂಗಳವಾರದ ಪಾಠವನ್ನು ತಾವೇ ಇಟ್ಟುಕೊಂಡಿರುವ ಅವರ ಕೈ ಇನ್ನೂ ಬೆಳ್ಳಗಿರಲಿ. ಅವರಿಗೆ ನೋವೇ ಬಾರದಿರಲಿ ಎಂದು ಬೇಡುವಷ್ಟು ಅರಿಯದವಳಲ್ಲ ನಾನು. ಎಲ್ಲಿ ನೋಯುತ್ತಿದೆಯೆಂದು ಕೇಳುವವರು ಅವರ ಪಾದದ ಬಳಿ ಯಾವಾಗಲೂ ಇರಲಿ ಎಂದಷ್ಟೇ ಬೆಳಗು ಬೈಗಿನ ಶ್ಲೋಕದ ಕೊನೆಗೆ ಸೇರಿಸಿಕೊಳ್ಳುತ್ತಿದ್ದೇನೆ.